ನಾಲ್ಕನೆಯ ಭಾಗದ ಹಡಗು

ಕಂಪ್ಯೂಟರಿನಲ್ಲಿ ಆಡುವ ನಮ್ಮ ಹಡಗಿನಾಟಕ್ಕೆ ಒಟ್ಟು ನಾಲ್ಕು ಭಾಗ. ಅದರಲ್ಲಿ ಮೂರನ್ನು ಈಗಲೂ ಯಾರು ಬೇಕಾದರೂ ಆಡಬಹುದು. ನಾಲ್ಕನೆಯದನ್ನು ಇನ್ನು ಯಾರೂ ಆಡುವ ಹಾಗಿಲ್ಲ. ನನಗೂ ಭದ್ರಾವತಿಯ ಅಕ್ಕನಿಗೂ ಬೇಕಾಗಿದ್ದದ್ದು ಆ ನಾಲ್ಕನೆಯದೇ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಮೇಲೆ ನಾವಿಬ್ಬರೂ ನ್ಯೂ ಟೌನಿನ ಒಂದೇ ಕ್ವಾರ್ಟರ್ಸಿನಲ್ಲಿ, ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಇದ್ದೆವು. ಅಣ್ಣ ತಮ್ಮ ಇಬ್ಬರೂ ಕಾರ್ಖಾನೆಯಲ್ಲಿ. ಸೈರನ್ ಕೂಗಿದರೆ ಒಬ್ಬರು ಮನೆಗೆ ಬರುತ್ತಿದ್ದರು, ಇನ್ನೊಬ್ಬರು ಹೊರಡುತ್ತಿದ್ದರು. ನಾವಿಬ್ಬರು ಮಾತ್ರ ಎಲ್ಲ ಶಿಫ್ಟಿಗೂ ಒಲೆಯ ಮುಂದೆ. ಆಮೇಲೆ ನನ್ನ ಗಂಡ ಶಿವಮೊಗ್ಗದಲ್ಲಿ ಬೇರೆ ಕೆಲಸ ಹಿಡಿದರು, ವಿನೋಬನಗರದಲ್ಲಿ ಮನೆ ಕಟ್ಟಿದೆವು. ಭಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಅಕ್ಕ ಟೀಚರ್ ಆಗಿರುವ ಮಗಳ ಜೊತೆ ನ್ಯೂ ಟೌನಿನಲ್ಲೇ ಉಳಿದರು. ಬಸ್ಸು ಹತ್ತಿದರೆ ಒಂದು ಗಂಟೆಯೂ ಇಲ್ಲ. ಆದರೂ ಮುಖ ನೋಡುವುದು ಮದುವೆಗೆ, ತಿಥಿಗೆ. ದಿನಾ ಸಂಜೆ ಫೋನ್ ಮಾತ್ರ ತಪ್ಪುತ್ತಿರಲಿಲ್ಲ. ಆ ಫೋನಿನಲ್ಲೂ ಮಾತು ಖಾಲಿಯಾಗುತ್ತ ಬಂದಿತ್ತು. ಮಂಡಿನೋವು ಹೇಳಿ ಮುಗಿದು, ಧಾರಾವಾಹಿಯ ಸೊಸೆಯನ್ನು ಬೈದು ಮುಗಿದು, “ಮತ್ತೆ?” ಅಂದರೆ “ಮತ್ತೆ ಎಂತದೂ ಇಲ್ಲ” ಅನ್ನುವ ಮಟ್ಟಕ್ಕೆ.

ಅಂಥ ಹೊತ್ತಿನಲ್ಲಿ ನನ್ನ ಮಗಳ ಮಗಳು ಕಾಲೇಜು ಓದಲು ನಮ್ಮ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿಕೊಂಡು ಸದಾ ಲ್ಯಾಪ್‌ಟಾಪಿನ ಮುಂದೆ. ಪಾಪ, ಎಷ್ಟು ಓದುತ್ತಾಳೆ ಎಂದು ಬಾದಾಮಿ ನೆನೆಹಾಕಿ ಕೊಡುತ್ತಿದ್ದೆ. ಒಂದು ದಿನ ಬಾದಾಮಿ ಹಿಡಿದು ಹಿಂದಿನಿಂದ ಹೋಗಿ ನಿಂತರೆ ಪರದೆ ತುಂಬ ನೀಲಿ ನೀರು. ನಡುವೆ ಒಂದು ಹಡಗು.

“ಏನೇ ಇದು? ಪರೀಕ್ಷೆಗೆ ಸಮುದ್ರ ಇಟ್ಟಿದಾರಾ?”

ಹುಡುಗಿ ಬೆಚ್ಚಿಬಿದ್ದಳು. “ಅಜ್ಜಿ, ಅಮ್ಮಂಗೆ ಹೇಳ್ಬೇಡ ಪ್ಲೀಸ್.”

“ಹೇಳಲ್ಲ. ನಂಗೂ ಕೊಡು.”

ಹೀಗೆ ನಾನು ಕಡಲ್ಗಳ್ಳಿಯಾದೆ. ಆಟಕ್ಕೆ ಉದ್ದದೊಂದು ಇಂಗ್ಲಿಷ್ ಹೆಸರಿದೆ, ನನ್ನ ನಾಲಗೆಯಲ್ಲಿ ಹೊರಳುವುದಿಲ್ಲ. ನಮಗೆ ಅದು ಹಡಗಿನಾಟ. ಮೊಮ್ಮಗಳು ಅದರ ಚರಿತ್ರೆಯನ್ನೆಲ್ಲ ಹೇಳಿದಳು. ಮೊದಲನೆಯ ಭಾಗ ಬಂದದ್ದು ಅವಳು ಹುಟ್ಟುವುದಕ್ಕೂ ಮುಂಚೆ. ಕೆಲವು ಗೆಳೆಯರು ಸೇರಿ ಮಾಡಿದ್ದಂತೆ. ಅದರಲ್ಲಿ ಸಮುದ್ರವನ್ನು ಮಹಡಿಯ ಮೇಲಿಂದ ನೋಡಿದ ಹಾಗೆ ನೋಡಬೇಕು. ಹಡಗು ಒಂದು ಅಡಿಕೆಯಷ್ಟು. ಮೂಲೆಯಲ್ಲಿ ಗಾಳಿಯ ಬಾಣ. ಗಾಳಿ ಎದುರಿಗಿದ್ದರೆ ನೇರ ಹೋಗಲಾಗದು, ಅಡ್ಡಡ್ಡ ಹೋಗುತ್ತ ಹೋಗುತ್ತ ಮುಂದಕ್ಕೆ ಸಾಗಬೇಕು. ಒಬ್ಬಳು ಕ್ಯಾಪ್ಟನ್, ಕಳೆದುಹೋದ ತನ್ನ ತಾಯಿಯ ಹಡಗನ್ನು ಹುಡುಕುತ್ತಾಳೆ. ಎರಡನೆಯ ಭಾಗದಲ್ಲಿ ಅವಳಿಗೆ ವಯಸ್ಸಾಗಿದೆ. ಬಂದರುಗಳು ಬಂದವು, ಮೆಣಸು ಲವಂಗದ ವ್ಯಾಪಾರ ಬಂತು, ಹೊಟ್ಟೆಗೆ ಹಾಕದಿದ್ದರೆ ತಿರುಗಿಬೀಳುವ ಆಳುಗಳು ಬಂದರು. ಮೂರನೆಯದು ಹಿಂದಕ್ಕೆ ಹೋಗುತ್ತದೆ. ಆ ತಾಯಿ ಪ್ರಾಯದವಳಾಗಿದ್ದಾಗಿನ ಕಥೆ, ಮಗಳು ಇನ್ನೂ ತೊಟ್ಟಿಲಲ್ಲಿ. ಅಂದರೆ ಮಾಡಿದ್ದು ಮೂರನೆಯದಾಗಿ, ನಡೆದದ್ದು ಎಲ್ಲಕ್ಕಿಂತ ಮೊದಲು.

“ನಾಲ್ಕನೇದು?” ಅಂದೆ.

“ನಾಲ್ಕನೇದ್ರಲ್ಲಿ ಕಥೆಗಿಥೆ ಏನಿಲ್ಲ ಅಜ್ಜಿ. ನೆಟ್ ಬೇಕು. ಇಬ್ಬಿಬ್ರು ಸೇರಿ ಒಂದು ಹಡಗು ನಡೆಸೋದು. ಒಬ್ಬರು ಚುಕ್ಕಾಣಿ ಹಿಡೀಬೇಕು, ಇನ್ನೊಬ್ರು ಹಾಯಿ ನೋಡ್ಕೋಬೇಕು.”

“ಇಬ್ರೂ ಒಂದೇ ಮನೇಲಿರಬೇಕಾ?”

“ಬೇಡ. ಒಬ್ರು ಇಲ್ಲಿ, ಇನ್ನೊಬ್ರು ಅಮೆಜಾನ್ ಕಾಡಲ್ಲಿದ್ರೂ ಆಗತ್ತೆ.”

“ಭದ್ರಾವತಿ?”

ಅವಳು ನಕ್ಕಳು. ನಾನು ನಗಲಿಲ್ಲ. ಆ ಸಂಜೆ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವರು ಧಾರಾವಾಹಿಯ ಸದ್ದು ಕಮ್ಮಿ ಮಾಡಿದರು. ಆಮೇಲೆ, “ಒಂದೇ ಹಡಗಲ್ಲಿ? ನೀನೂ ನಾನೂನಾ?” ಅಂದರು. ಆ ಧ್ವನಿಯನ್ನು ನಾನು ಕ್ವಾರ್ಟರ್ಸಿನ ಅಡುಗೆಮನೆ ಬಿಟ್ಟ ಮೇಲೆ ಕೇಳಿರಲಿಲ್ಲ.

ಒಂದು ಭಾನುವಾರ ಮೊಮ್ಮಗಳು ನ್ಯೂ ಟೌನಿಗೆ ಹೋಗಿ ಅಕ್ಕನ ಮಗಳ ಹಳೆಯ ಕಂಪ್ಯೂಟರಿಗೆ ನಾಲ್ಕೂ ಭಾಗ ಹಾಕಿಕೊಟ್ಟು ಬಂದಳು. ಹೊರಡುವ ಮುಂಚೆ ನನ್ನನ್ನೂ ಫೋನಿನಲ್ಲಿ ಹಿಡಿದು ಇಬ್ಬರಿಗೂ ಬುದ್ಧಿಮಾತು ಹೇಳಿದಳು. “ನೀವಿಬ್ರೂ ನಾಲ್ಕನೇದ್ರಿಂದಾನೇ ಶುರು ಮಾಡಿ. ಜೊತೆಗೆ ಆಡೋದೇ ತಾನೆ ನಿಮಗೆ ಬೇಕಿರೋದು?”

ಎಷ್ಟು ಸರಿಯಾಗಿ ಹೇಳಿತ್ತು ಆ ಹುಡುಗಿ. ನಾವಿಬ್ಬರೂ ಸೇರಿ ಅವಳ ಬಾಯಿ ಮುಚ್ಚಿಸಿದೆವು. ಎಲೆಯ ಮುಂದೆ ಕೂತ ಕೂಡಲೆ ಯಾರಾದರೂ ಮೊಸರನ್ನಕ್ಕೆ ಕೈ ಹಾಕುತ್ತಾರೆಯೇ? ನಾಲ್ಕನೆಯದು ಕೊನೆಗೇ ಬರಬೇಕು ಎನ್ನುವುದರಲ್ಲಿ ನಮಗೆ ಭೇದವೇ ಇರಲಿಲ್ಲ. ಜಗಳ ಬಂದದ್ದು ಮೊದಲಿನ ಮೂರರ ಬಗ್ಗೆ.

“ತಾಯಿ ಕಥೆ ಮೊದಲು, ಆಮೇಲೆ ಮಗಳದ್ದು,” ಅಂದೆ ನಾನು. “ಮೂರು, ಒಂದು, ಎರಡು. ಅಡುಗೆ ಮಾಡಿದ ಕ್ರಮದಲ್ಲೇ ಬಡಿಸ್ತೀವಾ ಅಕ್ಕ? ಪಾಯಸ ಬೆಳಿಗ್ಗೇನೇ ಮಾಡಿರ್ತೀವಿ.”

“ಬಡಿಸೋಳು ಮಾಡಿದೋಳೇ ತಾನೆ?” ಅಕ್ಕ ಬಿಡಲಿಲ್ಲ. “ಆಟ ಮಾಡಿದೋರು ಯಾವುದನ್ನ ಮೊದಲು ತಂದು ಎಲೆಗೆ ಹಾಕಿದ್ರೋ ಅದೇ ಮೊದಲು. ಒಂದು, ಎರಡು, ಮೂರು. ನೀನು ಮದುವೆಯಾಗಿ ಬಂದಾಗ್ಲೂ ಹೀಗೇ, ಎಲ್ಲದಕ್ಕೂ ನಿಂದೊಂದು ತಲೆಕೆಳಗು.”

ಹಿರಿಯರು ಹೇಳಿದ ಮೇಲೆ ಮುಗಿಯಿತು. ಈಗ ಯೋಚಿಸಿದರೆ ಆ ವಿಷಯದಲ್ಲಿ ಅಕ್ಕನೇ ಸರಿ. ಮೊದಲ ಭಾಗದಲ್ಲಿ ಮಗಳಿಗೆ ತಾಯಿಯ ಹಡಗಿನ ಮುರಿದ ಹಲಗೆಗಳು ಮಾತ್ರ ಸಿಗುತ್ತವೆ. ಅದನ್ನು ನೋಡಿ ಬಂದ ಮೇಲೆ ಮೂರನೆಯ ಭಾಗದಲ್ಲಿ ಆ ತಾಯಿ ತೊಟ್ಟಿಲು ತೂಗುತ್ತ ಹಾಡುವುದನ್ನು ಕೇಳಬೇಕು. ಏನಾಗಲಿದೆ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ತಲೆಕೆಳಗಾಗಿ ಆಡಿದವರಿಗೆ ಆ ಸಂಕಟ ಸಿಗುವುದಿಲ್ಲ.

ಆದರೆ ಕ್ರಮ ಸರಿಯಿದ್ದರೇನು, ಅಕ್ಕನ ವೇಗ! ನಾನು ಕಂಡ ಹಡಗಿಗೆಲ್ಲ ಗುಂಡು ಹಾರಿಸುತ್ತ ಮೊದಲನೆಯದನ್ನು ಬೇಗ ಮುಗಿಸಿದೆ. ಅಕ್ಕ ಒಂದು ಹಡಗನ್ನೂ ದೋಚಲಿಲ್ಲ. ಮೀನು ಹಿಡಿದು, ಮಾರಿ, ಹಾಯಿ ಹೊಲಿಸಿ, ಮತ್ತೆ ಮೀನು ಹಿಡಿದು ದಿನ ನೂಕಿದರು.

“ಕಳ್ಳರ ಆಟ ಅಕ್ಕ ಇದು. ಕದೀಬೇಕು.”

“ಆ ಹಡಗಲ್ಲಿರೋರಿಗೂ ಮನೇಲಿ ಕಾಯೋರು ಇರ್ತಾರೆ ಕಣೇ. ನಂಗೆ ಆಗಲ್ಲ.”

“ಹಂಗಾದ್ರೆ ನಿಮ್ಮ ಹಡಗಿನ ಕಳ್ಳರ ಬಾವುಟ ತೆಗೆದು ಮೀನುಮಾರ್ಕೆಟ್ ಬೋರ್ಡ್ ಹಾಕಿ.”

“ಹಾಕ್ತೀನಿ ಬಿಡು. ನಿಂಗೆ ಕಡಿಮೆ ರೇಟಲ್ಲಿ ಕೊಡಲ್ಲ.”

ನಾನು ಫೋನಿನಲ್ಲಿ ಕನ್ನಡ ಒತ್ತಲು ಕಲಿತದ್ದು ಆ ದಿನಗಳಲ್ಲೇ, ಅವರನ್ನು ಕೆಣಕುವುದಕ್ಕಾಗಿ. “ಇನ್ನೂ ಅದೇ ದ್ವೀಪದಲ್ಲೇ ಇದ್ದೀರಾ?” ಎಂದು ಬೆಳಿಗ್ಗೆ ಎದ್ದ ಕೂಡಲೆ ಕಳಿಸುತ್ತಿದ್ದೆ. ಅವರಿಗೆ ಒತ್ತಲು ಬಾರದು. ನನ್ನ ಸಂದೇಶ ಓದಿದ ಕೂಡಲೆ ಫೋನ್ ಮಾಡಿ ಬೈಯುತ್ತಿದ್ದರು. ಎರಡನೆಯ ಭಾಗದಲ್ಲಿ ನನ್ನ ಆಳುಗಳು ಮತ್ತೆ ಮತ್ತೆ ದಂಗೆ ಎದ್ದು ನನ್ನನ್ನು ನೀರಿಗೆ ನೂಕಿದರು. ಅಕ್ಕನ ಹಡಗಿನಲ್ಲಿ ಒಬ್ಬನೂ ಗೊಣಗಲಿಲ್ಲ. ಮೊದಲು ಆಳುಗಳಿಗೆ ಊಟ, ಉಳಿದರೆ ಕ್ಯಾಪ್ಟನ್ನಿಗೆ. ಅವರು ಕ್ವಾರ್ಟರ್ಸಿನಲ್ಲಿ ನಡೆಸಿದ್ದೂ ಹೀಗೆಯೇ. ನಾನು ಅದನ್ನು ಆಗ ಗಮನಿಸಿರಲಿಲ್ಲ, ಮುಂಚೆ ಊಟಕ್ಕೆ ಕೂತವರಲ್ಲಿ ನಾನೂ ಒಬ್ಬಳು.

ನಾನು ಮೂರನೆಯದನ್ನೂ ಮುಗಿಸಿ ಕಾಯುತ್ತ ಕೂತೆ. ಅಕ್ಕ ಮೂರರ ಅರ್ಧದಲ್ಲಿದ್ದರು. ನಾಲ್ಕನೆಯದು ಪರದೆಯ ಮೂಲೆಯಲ್ಲಿ ಕೂತಿತ್ತು, ಒತ್ತಿದರೆ ತೆರೆಯುತ್ತಿತ್ತು. ನಾನು ಒತ್ತಲಿಲ್ಲ. ಒಬ್ಬಳೇ ಹೋಗಿ ನೋಡಿ ಬಂದರೆ ಅಕ್ಕನ ಜೊತೆ ಮೊದಲ ಸಲ ನೋಡುವುದು ಉಳಿಯುವುದಿಲ್ಲವಲ್ಲ.

ಒಂದು ಬೆಳಿಗ್ಗೆ ಮೊಮ್ಮಗಳು ತಿಂಡಿ ತಟ್ಟೆಯ ಮುಂದೆ ಫೋನ್ ನೋಡುತ್ತಿದ್ದವಳು ತಲೆಯೆತ್ತಿದಳು. ಅವಳ ಮುಖ ನೋಡಿ ಯಾರೋ ಹೋದರು ಅಂದುಕೊಂಡೆ.

“ಅಜ್ಜಿ, ನಾಲ್ಕನೇದನ್ನ ಮುಚ್ತಿದಾರಂತೆ.”

“ಮುಚ್ಚೋದು ಅಂದ್ರೆ? ಅದು ನಮ್ಮ ಕಂಪ್ಯೂಟರಲ್ಲಿದೆಯಲ್ಲ.”

“ಸಮುದ್ರ ಇರೋದು ಅವರ ಹತ್ರ ಅಜ್ಜಿ. ನಮ್ಮ ಹತ್ರ ಇರೋದು ಬಾಗಿಲು ಮಾತ್ರ. ಈ ತಿಂಗಳ ಕೊನೇಗೆ ಬಂದ್.”

ಆಟ ಮಾಡಿದ ಗೆಳೆಯರು ಅದನ್ನು ಯಾವತ್ತೋ ಒಂದು ದೊಡ್ಡ ಕಂಪನಿಗೆ ಮಾರಿದ್ದರಂತೆ. ಆಡುವವರು ಕಮ್ಮಿಯಾದರು, ನಡೆಸಲು ಖರ್ಚು ಜಾಸ್ತಿ ಅಂದರಂತೆ.

“ನಾವಿಬ್ರು ಬರ್ತಾ ಇದೀವಿ ಅಂತ ಹೇಳು ಅವರಿಗೆ,” ಅಂದೆ. ಹುಡುಗಿ ನನ್ನ ತಟ್ಟೆಗೆ ಇನ್ನೊಂದು ಚಮಚ ಚಟ್ನಿ ಹಾಕಿದಳು.

ಅಕ್ಕನಿಗೆ ಫೋನ್ ಮಾಡಿ, ಮೂರನೆಯದನ್ನು ಅಲ್ಲಿಗೇ ಬಿಟ್ಟು ಬನ್ನಿ ಅಂದೆ. ಅವರು ಒಪ್ಪಲಿಲ್ಲ. “ಮಗು ಕಟ್ಟಿಕೊಂಡಿದಾಳೆ ಮಾರಾಯ್ತಿ ಅವಳು. ನಡುನೀರಲ್ಲಿ ಬಿಟ್ಟು ಬರೋದಾ?” ನಾನು ದಿನಾ ಪೀಡಿಸಿದೆ. ಕೊನೆಗೆ ಒಪ್ಪಿ ಅವರು ನಾಲ್ಕನೆಯದನ್ನು ತೆರೆಯುವ ಹೊತ್ತಿಗೆ ತಿಂಗಳು ಮುಗಿಯಲು ಬಂದಿತ್ತು.

ತೆರೆದ ಮೇಲೆ ಇನ್ನೊಂದು ತೊಡಕು. ನಾಲ್ಕನೆಯದರಲ್ಲಿ ಮೊದಲು ಪ್ರತಿಯೊಬ್ಬರೂ ಒಂದು ಸಣ್ಣ ದ್ವೀಪದಲ್ಲಿ ಒಂಟಿಯಾಗಿ ಕೆಲಸ ಕಲಿಯಬೇಕು. ಮರ ಕಡಿ, ಹಗ್ಗ ಹೊಸೆ, ತೆಪ್ಪ ಕಟ್ಟು. ಅದಾದ ಮೇಲೆ ಬಂದರು, ಅಲ್ಲಿ ಜೊತೆಗಾರರನ್ನು ಸೇರಬಹುದು. ನಾನು ಅರೆಬರೆ ತೆಪ್ಪದಲ್ಲೇ ತೇಲಿಕೊಂಡು ಬಂದರಿಗೆ ಬಂದು, ಇದ್ದಬದ್ದದ್ದನ್ನೆಲ್ಲ ಮಾರಿ ನಮಗೊಂದು ಹಡಗು ಮಾಡಿಸಿದೆ. ಅಕ್ಕ ದ್ವೀಪದಲ್ಲಿ ಹಣ್ಣು ಆರಿಸುತ್ತಿದ್ದರು. “ಉದುರಿದ್ದನ್ನ ಹಂಗೇ ಬಿಟ್ಟು ಬರೋದು ಹೆಂಗೆ?” ಅಂದರು. ಅವರ ತೆಪ್ಪ ಮುಗಿದದ್ದು ಮುಚ್ಚುವ ದಿನದ ಬೆಳಿಗ್ಗೆ.

ಆ ಮಧ್ಯಾಹ್ನ ಊಟವಾದ ಕೂಡಲೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಫೋನ್ ಸ್ಪೀಕರಿನಲ್ಲಿ ಅಕ್ಕ. ಮೊಮ್ಮಗಳು ಕಾಲೇಜಿಗೆ ಚಕ್ಕರ್ ಹಾಕಿ ನನ್ನ ಪಕ್ಕದಲ್ಲಿ ಕೂತಿದ್ದಳು. ನನ್ನ ಗಂಡ ಬಾಗಿಲಲ್ಲಿ ನಿಂತು “ಕಾಫಿ?” ಅಂದರು.

“ಸಮುದ್ರ ಮುಚ್ತಿದಾರೆ ರೀ. ನೀವೇ ಮಾಡ್ಕೊಳ್ಳಿ. ನಮಗೂ ಮಾಡಿ.”

ಬಂದರಿನಲ್ಲಿ ಜಾತ್ರೆ. ಯಾವ ಯಾವ ದೇಶದಿಂದಲೋ ಆಡುವವರೆಲ್ಲ ಕೊನೆಯ ದಿನ ನೋಡಲು ಬಂದಿದ್ದರು. ಕೆಲವರು ಬಾಣಬಿರುಸು ಹಾರಿಸುತ್ತಿದ್ದರು, ಕೆಲವರು ಸುಮ್ಮನೆ ಕಟ್ಟೆಯ ಮೇಲೆ ಕೂತು ನೀರು ನೋಡುತ್ತಿದ್ದರು. ಪರದೆಯ ಮೇಲ್ಭಾಗದಲ್ಲಿ ಇನ್ನೆಷ್ಟು ನಿಮಿಷ ಎಂದು ಕೆಂಪು ಅಕ್ಷರ. ಅಷ್ಟರಲ್ಲಿ ಜನರ ನಡುವಿನಿಂದ ಉದ್ದ ಕೋಟಿನ ಹೆಂಗಸೊಬ್ಬಳು ಗೋಡೆಗೆ ಢೀ ಹೊಡೆಯುತ್ತ, ಹಿಂದಕ್ಕೆ ಸರಿಯುತ್ತ, ಮತ್ತೆ ಢೀ ಹೊಡೆಯುತ್ತ ನನ್ನ ಕಡೆಗೇ ಬಂದಳು. ಸೀರೆ ಇಲ್ಲದ ಕಾರಣ ಅಕ್ಕ ಅಲ್ಲಿದ್ದುದರಲ್ಲಿ ಅತಿ ಉದ್ದದ ಬಟ್ಟೆ ಆರಿಸಿದ್ದರು.

“ಆ ಕೆಂಪು ಟೋಪಿ ನೀನಾ?” ಫೋನಿನಲ್ಲಿ ಅಕ್ಕ.

“ನಾನೇ ಅಕ್ಕ.”

“ಅಯ್ಯೋ, ಎಷ್ಟು ತೆಳ್ಳಗಾಗಿದೀಯೆ! ಕುಣಿ ನೋಡಣ.”

ನಾನು ಗುಂಡಿ ಒತ್ತಿ ಕುಣಿದೆ. ಅಕ್ಕ ನಗುತ್ತ ನಗುತ್ತ ಕೆಮ್ಮಿದರು. ಒಂದು ಸಣ್ಣ ಸುತ್ತು ಹೋಗಿಬರಲು ಬೇಕಾದಷ್ಟು ಹೊತ್ತು ಇನ್ನೂ ಇತ್ತು. ಹಡಗು ಹತ್ತುವ ಹಲಗೆಯನ್ನು ಕಟ್ಟೆಗೆ ಇಳಿಬಿಟ್ಟುಕೊಂಡು ಕಾಯುತ್ತಿತ್ತು. ಮೊದಲು ಹತ್ತಿದವರು ಕ್ಯಾಪ್ಟನ್, ಎರಡನೆಯವರು ಹಾಯಿಯವರು ಎಂದು ಮೊಮ್ಮಗಳು ವಿವರಿಸಿದಳು. ನಾನು ಹಲಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟೆ.

“ಹತ್ತಿ ಅಕ್ಕ.”

“ನೀನು ಹತ್ತು.”

“ಹಿರಿಯರು ನೀವು. ನೀವು ಹತ್ತದೆ ನಾನು ಹೆಂಗೆ ಹತ್ತಲಿ?”

“ಹೊಸಾ ಹಡಗು ಕಣೇ,” ಅಂದರು. ಧ್ವನಿ ಇಳಿದಿತ್ತು. “ಮೊದಲನೇ ಕಾಲು ನಾನಿಡಬಾರ್ದು. ನೀನು ಮುತ್ತೈದೆ, ನೀನಿಡು.”

ವಿನೋಬನಗರದ ಈ ಮನೆಯ ಗೃಹಪ್ರವೇಶ ಭಾವ ತೀರಿಕೊಂಡು ಒಂದು ವರ್ಷದ ಮೇಲೆ ಆಗಿತ್ತು. ಅಕ್ಕ ಹಿಂದಿನ ದಿನವೇ ಬಂದು ಹೋಳಿಗೆಗೆ ಹೂರಣ ಮಾಡಿಕೊಟ್ಟವರು, ಬೆಳಿಗ್ಗೆ ಎಲ್ಲರೂ ಒಳಗೆ ಹೋಗುವಾಗ ಕಾಂಪೌಂಡಿನ ಹತ್ತಿರ ನಿಂತಿದ್ದರು. ಕೊನೆಯ ನೆಂಟ ಒಳಗೆ ಹೋದ ಮೇಲೆ, ಪಾತ್ರೆ ತರುವ ನೆಪದಲ್ಲಿ ಹಿಂದಿನ ಬಾಗಿಲಿಂದ ಒಳಗೆ ಬಂದರು. ನನಗೆ ಅವರ ಕೈ ಹಿಡಿದು ಮುಂದಿನ ಬಾಗಿಲಿಂದ ಕರೆತರಬೇಕೆನಿಸಿತ್ತು. ಅತ್ತೆ ಇದ್ದರು, ಪುರೋಹಿತರು ಇದ್ದರು, ಆಗಲಿಲ್ಲ. ಬಂದರಿನಲ್ಲಿ ಅತ್ತೆ ಇರಲಿಲ್ಲ. ಪುರೋಹಿತರು ಇರಲಿಲ್ಲ. ಈ ಹಡಗಿಗಾದರೂ ಅಕ್ಕನೇ ಮೊದಲು ಎಂದು ನಾನು ಅಲ್ಲೇ ನಿಶ್ಚಯ ಮಾಡಿಬಿಟ್ಟೆ.

“ಇಲ್ಲಿ ಯಾರು ನೋಡ್ತಾರೆ ಅಕ್ಕ? ಎಲ್ಲ ಗುರುತಿಲ್ಲದೋರು.”

“ನಾನು ನೋಡ್ತೀನಲ್ಲ.”

“ನೀವು ಹತ್ತದಿದ್ರೆ ನಾನೂ ಹತ್ತಲ್ಲ.”

“ಹಟ ಮಾಡ್ಬೇಡ ಮಾರಾಯ್ತಿ. ನಿಂಗೆ ಒಳ್ಳೇದಾಗ್ಲಿ ಅಂತ ಹೇಳೋದು.”

ಮೊಮ್ಮಗಳು ನನ್ನ ತೋಳು ಹಿಡಿದು ಅಲುಗಾಡಿಸಿದಳು. “ಅಜ್ಜಿ, ಟೈಮ್ ನೋಡು! ಅಜ್ಜಿ, ದೊಡ್ಡಜ್ಜಿ, ಯಾರಾದ್ರೂ ಒಬ್ರು ಹತ್ತಿ! ಇದು ಗೇಮು!”

“ನೀನು ಸುಮ್ನಿರು,” ಇಬ್ಬರೂ ಒಟ್ಟಿಗೇ ಅಂದೆವು.

ಉದ್ದ ಕೋಟಿನ ಹೆಂಗಸು ಹಲಗೆಯ ಬುಡದವರೆಗೆ ಬಂದು ನಿಂತಳು. ನಾನು ಇನ್ನಷ್ಟು ಹಿಂದೆ ಸರಿದೆ. “ಬನ್ನಿ ಅಕ್ಕ, ನಿಮ್ಮ ದಮ್ಮಯ್ಯ,” ಅಂದೆ. “ಬೇಡ ಕಣೇ,” ಅಂದರು. ಮತ್ತೆ ಕರೆದೆ, ಮತ್ತೆ ಬೇಡ ಅಂದರು. ನನಗೆ ಎಲ್ಲಿಂದಲೋ ಸಿಟ್ಟು ಬಂತು. ಅಕ್ಕನ ಮೇಲಲ್ಲ, ಆ ಕಾಂಪೌಂಡಿನ ಮೇಲೆ, ಆ ಹಿಂದಿನ ಬಾಗಿಲಿನ ಮೇಲೆ. ಆದರೆ ಬಾಯಿಂದ ಬಂದದ್ದು, “ಸರಿ, ನಿಮ್ಮಿಷ್ಟ.”

ಕೆಂಪು ಅಕ್ಷರದ ನಿಮಿಷಗಳು ಕಳೆಯುತ್ತ ಹೋದವು. ಬಾಣಬಿರುಸು ಹಾರುತ್ತಲೇ ಇತ್ತು. ಹಲಗೆಯ ಈಚೆ ಕೆಂಪು ಟೋಪಿ, ಆಚೆ ಉದ್ದ ಕೋಟು. ಹೊಸ ಹಗ್ಗ, ಹೊಸ ಹಾಯಿ, ಹಡಗು ಅಲೆಗೆ ಮೆಲ್ಲಗೆ ಕುಲುಕುತ್ತಿತ್ತು. ನೀರು ಮೊದಲು ನಿಂತಿತು. ಬಿರುಸುಗಳು ಆಕಾಶದಲ್ಲಿ ಇದ್ದಲ್ಲೇ ನಿಂತವು. ಆಮೇಲೆ ಪರದೆ ಬೂದಿ ಬಣ್ಣಕ್ಕೆ ತಿರುಗಿ, ನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಮೊಮ್ಮಗಳು ಓದಿ ಹೇಳಲಿಲ್ಲ. ನನ್ನ ಗಂಡ ಎರಡು ಲೋಟ ಕಾಫಿ ತಂದಿಟ್ಟು, ನಮ್ಮ ಮುಖ ನೋಡಿ ಬಾಗಿಲು ಮುಂದೆ ಮಾಡಿಕೊಂಡು ಹೋದರು.

“ಹೋಯ್ತಾ?” ಅಂದರು ಅಕ್ಕ.

“ಹೋಯ್ತು.”

“ಕರೆಂಟ್ ಹೋದ್ರೆ ಬರೋ ಹಂಗೆ ಮತ್ತೆ ಬರಲ್ವಾ?”

“ಇಲ್ಲ ಅಕ್ಕ.”

ಎರಡು ವಾರ ಸಂಜೆಯ ಫೋನ್ ಇತ್ತು, ಹಡಗಿನ ಮಾತು ಇರಲಿಲ್ಲ. ನನಗೆ ತಡೆಯಲಾಗದೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ನ್ಯೂ ಟೌನಿಗೆ ಹೋದೆ. ಅಕ್ಕನ ಮಗಳು ಶಾಲೆಗೆ ಹೋಗಿದ್ದಳು. ಅಕ್ಕ ಅವಲಕ್ಕಿ ಒಗ್ಗರಣೆ ಹಾಕಿ ಮುಂದಿಟ್ಟರು. ನಾನು ನಮ್ಮ ಮನೆಗಳ ರೂಢಿಯಂತೆ ಬೇಡ ಅಂದೆ, ಬಸ್ಸಿಗೆ ಮುಂಚೆ ತಿಂದು ಬಂದಿದ್ದೇನೆ ಅಂದೆ. ಅವರು ತಿನ್ನು ಅಂದರು. ಬೇಡ ಅಂದೆ. ಒಂದು ಚೂರು ಅಂದರು. ಇಲ್ಲ ಅಕ್ಕ, ನಿಜವಾಗಲೂ ಬೇಡ ಅಂದೆ. ಅವರು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ತಳ್ಳಿ “ತಿನ್ನೇ” ಅಂದರು. ತಿಂದೆ. ಹಸಿವಾಗಿತ್ತು.

ತಿನ್ನುವುದನ್ನೇ ನೋಡುತ್ತ ಕೂತಿದ್ದವರು, “ಒಂದು ಮಾತು ಹೇಳ್ಲಾ?” ಅಂದರು. “ಅವತ್ತು ನಾನು ಬೇಡ ಬೇಡ ಅಂತಿದ್ದೆನಲ್ಲ, ಬೆರಳು ಗುಂಡಿ ಮೇಲೇ ಇತ್ತು.”

ನಾನು ತಟ್ಟೆ ಕೆಳಗಿಟ್ಟೆ.

“ಹತ್ತಬೇಕು ಅಂತ ಆಸೆ ಇತ್ತು ಕಣೇ. ಎಷ್ಟು ವರ್ಷ ಆಯ್ತು ಯಾವುದಕ್ಕಾದ್ರೂ ಮೊದಲು ಕಾಲಿಟ್ಟು! ನಿನ್ನ ಬಾಯಲ್ಲಿ ಇನ್ನೊಂದೇ ಒಂದ್ಸಲ ಬಂದಿದ್ರೆ ಹತ್ತಿಬಿಡ್ತಿದ್ದೆ. ನೀನು ‘ನಿಮ್ಮಿಷ್ಟ’ ಅಂದ್ಬಿಟ್ಟೆ.”

ಆ ಮಾತು ಹಿಂದಕ್ಕೆ ತರಲು ಆಗುವುದಿಲ್ಲ, ಆ ಬಂದರು ಕೂಡ ಈಗಿಲ್ಲ.

“ಹಾಯಿ ನಾನೇ ನೋಡ್ಕೊಳ್ತಿದ್ದೆ ಅಕ್ಕ,” ಅಂದೆ. “ನೀವು ಎತ್ತ ತಿರುಗಿಸಿದ್ರೂ.”

“ಗೊತ್ತು,” ಅಂದರು ಅಕ್ಕ. “ಎತ್ತ ಹೋಗ್ಬೇಕು ಅಂತ ಕೂಡ ಯೋಚನೆ ಮಾಡಿದ್ದೆ.”

ಎತ್ತ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಗೊತ್ತಾಗಿದ್ದರೆ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು.